ಜ್ಞಾನವೇ ಶಕ್ತಿ ಅಂತ ಫೂಕೋ ಹೇಳಿದ್ದಾ?

ನೀವು ಕೇಳಿದ್ದು: ‘ಜ್ಞಾನವೇ ಶಕ್ತಿ ಅಂತಾರಲ್ಲ, ಫೂಕೋ ಹೇಳಿದ್ದೂ ಅದನ್ನೇ ಅಲ್ವಾ?’ ಅಲ್ಲ. ಗಟ್ಟಿಯಾಗಿಯೇ ಹೇಳ್ತೇನೆ, ಯಾಕಂದ್ರೆ ಎರಡನ್ನೂ ಒಂದು ಮಾಡಿದರೆ ಫ್ರಾನ್ಸಿನ ಚಿಂತಕ ಮಿಶೆಲ್ ಫೂಕೋನ ಮಾತಿನ ಹುರುಳೇ ಹೋಗಿಬಿಡುತ್ತದೆ.

‘ಜ್ಞಾನವೇ ಶಕ್ತಿ’ ಅನ್ನುವುದು ಇಂಗ್ಲೆಂಡಿನ ಚಿಂತಕ ಫ್ರಾನ್ಸಿಸ್ ಬೇಕನ್ ಹೆಸರಿನಲ್ಲಿ ಓಡಾಡುವ ಮಾತು. ಅವನು 1620ರಲ್ಲಿ ಬರೆದದ್ದು ಸರಳ. ಕಾರಣ ಗೊತ್ತಿಲ್ಲದಿದ್ದರೆ ಪರಿಣಾಮ ತರಲಿಕ್ಕೆ ಆಗುವುದಿಲ್ಲ, ಹಾಗಾಗಿ ಮನುಷ್ಯನ ಅರಿವು, ಬಲ ಎರಡೂ ಒಂದೇ ಕಡೆ ಬಂದು ಸೇರುತ್ತವೆ. ಫೂಕೋನ ಪ್ರಶ್ನೆ ಅದಕ್ಕೂ ಹಿಂದಿನದು. ಯಾವುದನ್ನು ಜ್ಞಾನ ಅಂತ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ತೀರ್ಮಾನ ಆಗುವುದು ಎಲ್ಲಿ, ಹೇಗೆ?

ನಮ್ಮ ಉಡುಪಿ ಕಡೆಯದ್ದೇ ಹೇಳ್ತೇನೆ. ನನ್ನ ಅಜ್ಜ ಚಾಲಗೇಣಿ ಒಕ್ಕಲು, ಅಂದ್ರೆ ಕಾಯಂ ಹಕ್ಕಿಲ್ಲದ ಗೇಣಿದಾರ. ಯಾವುದು ತಗ್ಗಿನ ಬೈಲು ಗದ್ದೆ, ಯಾವುದು ನಡುವಿನ ಮಜಲು, ಯಾವುದು ಎತ್ತರದ ಬೆಟ್ಟು, ಎಲ್ಲಿ ಮೂರನೆಯ ಬೆಳೆಯಾದ ಕೊಳಕೆಗೂ ನೀರು ಸಾಕಾಗುತ್ತದೆ, ಯಾವ ಹುಣಿ (ಗದ್ದೆಯ ಬದು) ಜೋರು ಮಳೆಗೆ ಒಡೆಯುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಗೇಣಿ ಅಕ್ಕಿಯನ್ನು ಬೈಹುಲ್ಲಿನ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕುತ್ತಿದ್ದರು. ಚೀಟಿ ಸಿಗುತ್ತಿದ್ದದ್ದು ಅಪರೂಪ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ಗೇಣಿ ಗದ್ದೆ ತನ್ನ ಹೆಸರಿಗೆ ಆಗಬೇಕಾದರೆ ಒಕ್ಕಲು ಭೂ ನ್ಯಾಯಮಂಡಳಿಗೆ ಫಾರಂ ನಂಬರ್ 7ರಲ್ಲಿ ಡಿಕ್ಲರೇಶನ್ ಕೊಡಬೇಕಾಯಿತು. ಅಲ್ಲಿ ಕೇಳಿದ್ದು ಸರ್ವೆ ನಂಬರ್ ಎಷ್ಟು, ಪಹಣಿಯಲ್ಲಿ ಯಾರ ಹೆಸರಿದೆ, ಗೇಣಿ ಚೀಟಿ ಎಲ್ಲಿ ಅಂತ. ಅಜ್ಜನಿಗೆ ಗೊತ್ತಿದ್ದದ್ದು ಕಡಿಮೆಯೇನಲ್ಲ, ಆದರೆ ಆ ಮೇಜಿನ ಮುಂದೆ ಅದು ಬರೀ ಬಾಯಿಮಾತು. ಪಕ್ಕದ ಗದ್ದೆಯವರು ಬಂದು ಸಾಕ್ಷಿ ಹೇಳಿದ ಮೇಲೆಯೇ ಅದಕ್ಕೆ ತೂಕ ಬಂದದ್ದು.

ಇಷ್ಟೇ ಆದರೆ ಅಧಿಕಾರ (ಫೂಕೋನಲ್ಲಿ ‘ಶಕ್ತಿ’ಗೆ ಇರುವ ಅರ್ಥ ಇದು) ಅಂದ್ರೆ ಬಾಯಿ ಮುಚ್ಚಿಸುವುದು ಅಂತ ಆಯ್ತು. ಫೂಕೋ ಅಲ್ಲಿಗೆ ನಿಲ್ಲುವುದಿಲ್ಲ, ಅಧಿಕಾರ ಹುಟ್ಟಿಸುತ್ತದೆ ಕೂಡ ಅಂತಾನೆ. ಜೈಲಿನ ಬಗ್ಗೆ 1975ರಲ್ಲಿ ಬಂದ ಅವನ ಪುಸ್ತಕ (ಇಂಗ್ಲಿಷಿನಲ್ಲಿ ‘ಡಿಸಿಪ್ಲಿನ್ ಅಂಡ್ ಪನಿಶ್’) ನೋಡಿ. ಕೈದಿಯನ್ನು ದಿನವಿಡೀ ಕಾಯುವುದು, ಅವನ ನಡತೆ ಬರೆದಿಡುವುದು, ಫೈಲ್ ಮಾಡುವುದು, ಇದರಿಂದಲೇ ‘ಅಪರಾಧಿ ಸ್ವಭಾವದವನು’ ಅನ್ನುವಂಥ ಒಂದು ಬಗೆಯ ಮನುಷ್ಯ ತಯಾರಾದ, ಅವನನ್ನು ಅಭ್ಯಾಸ ಮಾಡುವ ಶಾಸ್ತ್ರವೂ ಅದೇ ಗೋಡೆಗಳ ಒಳಗೆ ಬೆಳೆಯಿತು. ನಮ್ಮ ಕಂದಾಯದ ಪುಸ್ತಕವೂ ಹಾಗೆಯೇ. ವರ್ಗದಾರ (ದಾಖಲೆಯಲ್ಲಿರುವ ಭೂಮಾಲಿಕ), ಗೇಣಿದಾರ ಅಂತ ಒಮ್ಮೆ ಬರೆದಾದ ಮೇಲೆ ಜನ ಆ ಹೆಸರಿನಲ್ಲೇ ಸಾಲ ಕೇಳುತ್ತಾರೆ, ಕೋರ್ಟಿಗೆ ಹೋಗುತ್ತಾರೆ, ಜಗಳ ಆಡುತ್ತಾರೆ.

ಅಂದಹಾಗೆ, ನಿಮ್ಮ ಪ್ರಶ್ನೆಗೆ ಫೂಕೋನೇ 1983ರ ಒಂದು ಸಂದರ್ಶನದಲ್ಲಿ ಉತ್ತರ ಕೊಟ್ಟಿದ್ದಾನೆ: ಜ್ಞಾನ, ಅಧಿಕಾರ ಎರಡೂ ಒಂದೇ ಆಗಿದ್ದರೆ ಅವುಗಳ ಸಂಬಂಧವನ್ನು ಹುಡುಕುತ್ತಾ ನಾನು ಇಷ್ಟು ಕಷ್ಟಪಡಬೇಕಿರಲಿಲ್ಲ ಅನ್ನುವ ಅರ್ಥದಲ್ಲಿ.

ಹಾಗಂತ ಕೆಳಗಿದ್ದವರಿಗೆ ದಾರಿಯೇ ಇಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಭೂ ನ್ಯಾಯಮಂಡಳಿಗೆ ವಕೀಲರು ಬರುವ ಹಾಗಿಲ್ಲ ಅಂತ ಆ ಕಾನೂನಿನಲ್ಲೇ ಬರೆದಿದ್ದರು. ಆಮೇಲೆ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು, ಅದು ಬೇರೆ ವಿಷಯ. ಆದರೆ ದುಡ್ಡಿದ್ದವರು ಮಾತ್ರ ಕಾನೂನಿನ ಭಾಷೆಯನ್ನು ಬಾಡಿಗೆಗೆ ತರುತ್ತಾರೆ, ಒಕ್ಕಲು ಸುಮ್ನೆ ಕೈಕಟ್ಟಿ ನಿಲ್ಲುತ್ತಾನೆ ಅನ್ನುವುದು ಆಗ ಲೆಕ್ಕಕ್ಕೆ ಬಂದಿತ್ತು, ನನಗೆ ಅದು ದೊಡ್ಡ ವಿಷಯ. ಅಜ್ಜನ ಫಾರಂ ತುಂಬಿಸಿದ್ದು ಹೈಸ್ಕೂಲಿಗೆ ಹೋಗುತ್ತಿದ್ದ ನನ್ನ ಅಮ್ಮ. ಆಮೇಲೆ ಅಕ್ಕಪಕ್ಕದ ಒಕ್ಕಲುಗಳೂ ಕಾಗದ ಹಿಡಿದುಕೊಂಡು ಅವರ ಹತ್ತಿರವೇ ಬಂದರು.

ಫೂಕೋನನ್ನು ಓದಲು ಮನಸ್ಸಿದ್ದರೆ ಆ ಜೈಲಿನ ಪುಸ್ತಕದಿಂದಲೇ ಶುರು ಮಾಡಿ. ಅದರಲ್ಲಿ ಪರೀಕ್ಷೆಯ ಬಗ್ಗೆ ಬರೆದ ಪುಟಗಳನ್ನು ಮೊದಲು ಓದಿದರೂ ಅಡ್ಡಿಯಿಲ್ಲ.