ಬೆಂಗಳೂರಿನಿಂದ ಸಿಡ್ನಿಗೆ ಎಷ್ಟು ದೂರ, ಎಷ್ಟು ಹೊತ್ತು

ಓದಲು ಸಿಡ್ನಿಗೆ ಬರುತ್ತಿದ್ದೀರಿ, ಮನೆ ಶಿವಮೊಗ್ಗದಲ್ಲಿ. ದೂರ ಎಷ್ಟು, ಪ್ರಯಾಣಕ್ಕೆ ಎಷ್ಟು ಹೊತ್ತು, ಮನೆಯಲ್ಲಿ ಏನಾದರೂ ಆದರೆ ಬೇಗ ತಲುಪಬಹುದಾ ಅಂತ ಕೇಳಿದ್ದೀರಿ. ಆ ಕೊನೆಯ ಪ್ರಶ್ನೆ ಇಲ್ಲಿರುವ ನಮ್ಮೆಲ್ಲರದ್ದೂ ಹೌದು. ನೇರ ವಿಮಾನ ಸಿಕ್ಕರೆ ಇಲ್ಲಿಯ ಬಾಗಿಲಿಗೆ ಬೀಗ ಹಾಕಿ ಸುಮಾರು ಒಂದು ದಿನಕ್ಕೆ ಶಿವಮೊಗ್ಗದ ಮನೆಯಲ್ಲಿರಬಹುದು. ಅಮ್ಮನಿಗೆ ಇದನ್ನೇ ಹೇಳಿ.

ಬೆಂಗಳೂರಿನಿಂದ ಸಿಡ್ನಿಗೆ ಆಕಾಶದ ನೇರ ದಾರಿ ಸುಮಾರು 9,350 ಕಿ.ಮೀ. ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್ 2022ರ ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ನೇರ ವಿಮಾನ ಶುರು ಮಾಡಿತು. ಬರುವಾಗ ಹನ್ನೊಂದು ಗಂಟೆ ಚಿಲ್ಲರೆ, ಊರಿಗೆ ಹೋಗುವಾಗ ಹನ್ನೆರಡರ ಆಸುಪಾಸು. ಮೇಲೆ ಗಾಳಿ ಪಡುವಣದಿಂದ ಮೂಡಣಕ್ಕೆ ಜೋರಾಗಿ ಬೀಸುವುದರಿಂದ ಈ ವ್ಯತ್ಯಾಸ. ದಿನವೂ ವಿಮಾನ ಇರುತ್ತದೆ ಅಂದುಕೊಳ್ಳಬೇಡಿ, ವೇಳಾಪಟ್ಟಿ ನೋಡಿಯೇ ದಿನ ಗೊತ್ತು ಮಾಡಿ.

ನೇರ ವಿಮಾನದ ಟಿಕೆಟ್ ದುಬಾರಿ ಆದರೆ ಸಿಂಗಾಪುರದ ಮೇಲೆ ಬನ್ನಿ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 3,200 ಕಿ.ಮೀ., ಅಲ್ಲಿಂದ ಸಿಡ್ನಿಗೆ 6,300. ಕೂಡಿಸಿ ನೋಡಿ, ನೇರ ದಾರಿಗಿಂತ ನೂರಿನ್ನೂರು ಕಿ.ಮೀ. ಮಾತ್ರ ಜಾಸ್ತಿ. ಸಿಂಗಾಪುರ ನಮ್ಮ ದಾರಿಯಲ್ಲೇ ಇದೆ. ಕೌಲಾಲಂಪುರವೂ ಹಾಗೇ. ದುಬೈ ಮೇಲೆ ಬಂದರೆ ಮೊದಲು ಹಿಂದಕ್ಕೆ 2,700 ಕಿ.ಮೀ., ಆಮೇಲೆ ಮುಂದಕ್ಕೆ 12,000. ಐದು ಸಾವಿರ ಕಿ.ಮೀ.ಗೂ ಮೀರಿದ ಸುತ್ತು! ಸ್ವಲ್ಪ ಹಣ ಉಳಿಯುತ್ತದೆ ಅಂತ ಆ ಟಿಕೆಟ್ ತೆಗೆದುಕೊಂಡು ಇಲ್ಲಿ ಇಳಿಯುವ ಹೊತ್ತಿಗೆ ಸೋತು ಹೋದವರನ್ನು ತುಂಬ ನೋಡಿದ್ದೇನೆ.

ಇನ್ನೊಂದು ಮಾತು. ಎರಡು ವಿಮಾನಕ್ಕೂ ಒಂದೇ ಟಿಕೆಟ್ ಇರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಆಗ ವಿಮಾನ ಕಂಪನಿಯದು. ಬೇರೆ ಬೇರೆ ತೆಗೆದುಕೊಂಡರೆ ಆ ಖರ್ಚೆಲ್ಲ ನಿಮ್ಮದೇ. ಮಧ್ಯೆ ಎರಡು ಮೂರು ಗಂಟೆ ಬಿಡುವಿದ್ದರೆ ಹಿತ. ಒಂದು ಗಂಟೆಯ ಬಿಡುವನ್ನು ನಂಬಬೇಡಿ.

ಗಡಿಯಾರದ ವಿಷಯ. ಸಿಡ್ನಿ ಭಾರತಕ್ಕಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಐದೂವರೆ. ಅಮೆರಿಕಕ್ಕೆ ಹೋದವರಿಗೆ ಹಗಲು ರಾತ್ರಿಯೇ ಅದಲು ಬದಲು, ನಮಗೆ ಆ ಕಷ್ಟ ಇಲ್ಲ. ಸಿಡ್ನಿಯ ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಇಲ್ಲಿ ರಾತ್ರಿ ಎಂಟೂವರೆಗೆ ಊಟ ಮುಗಿಸಿ ಫೋನ್ ಮಾಡಿದರೆ ಅಲ್ಲಿ ಸಂಜೆ ನಾಲ್ಕು, ಕಾಫಿಯ ಹೊತ್ತು. ಮಾತಾಡಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಮುಂದೆ ಅಪ್ಪ ಅಮ್ಮ ಬರುವುದಾದರೆ ಅವರಿಗೆ ನೇರ ವಿಮಾನವನ್ನೇ ನೋಡಿ, ಅದಕ್ಕಾಗಿ ಸ್ವಲ್ಪ ಜಾಸ್ತಿ ಕೊಟ್ಟರೂ ಸರಿ. ಮಂಡಿ ನೋವಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ವಿಮಾನ ನಿಲ್ದಾಣದಲ್ಲಿ ಅವರನ್ನು ಕರೆದುಕೊಂಡು ಹೋಗಲು ಒಬ್ಬರು ಜೊತೆಗಿರುತ್ತಾರೆ. ಇಂಗ್ಲಿಷ್ ಬಾರದ ಹಿರಿಯರಿಗೆ ಅದು ದೊಡ್ಡ ಧೈರ್ಯ.