ಹೊದಿಕೆ ಇಟ್ಟಿಗೆಯಲ್ಲಿ ಸಂದಿನ ಮೇಲೆ ಸಂದು ಬಂದರೆ ತಪ್ಪಾ?

ಹೊಸ ಅಪಾರ್ಟ್‌ಮೆಂಟುಗಳ ಹೊರಮೈಗೆ ಇಟ್ಟಿಗೆಗಳನ್ನು ಒಂದರ ನೇರಕ್ಕೆ ಒಂದು ಜೋಡಿಸುತ್ತಾರೆ, ಸಂದಿನ ಮೇಲೆ ಸಂದು ಬರುತ್ತದೆ, ಇದು ತಪ್ಪಲ್ವಾ ಅಂತ ಕೇಳಿದ್ದೀರಿ. ಭಾರ ಹೊರುವ ಗೋಡೆಯಾದರೆ ತಪ್ಪು. ಬರೀ ಹೊದಿಕೆಯಾದರೆ ತಪ್ಪೇನಿಲ್ಲ. ಇಂಥ ಹೊದಿಕೆಗಳ ಡ್ರಾಯಿಂಗ್ ಮಾಡೋದೇ ನನ್ನ ಕೆಲಸ.

ಹಿಂದೆ ಇಡೀ ಕಟ್ಟಡ ಇಟ್ಟಿಗೆಯ ಮೇಲೇ ನಿಲ್ಲುತ್ತಿತ್ತು. ಶಿಕಾಗೋದ ಮೊನಾಡ್‌ನಾಕ್ ಕಟ್ಟಡದ ಹಳೇ ಭಾಗ 1891ರದ್ದು, 16 ಅಂತಸ್ತು. ನೆಲಮಟ್ಟದಲ್ಲಿ ಅದರ ಗೋಡೆ ಸುಮಾರು 6 ಅಡಿ ದಪ್ಪ! ಅಂಥ ಗೋಡೆಯಲ್ಲಿ ಸಂದು ತಪ್ಪಿಸಿ ಕಟ್ಟಲೇಬೇಕು, ಅಡ್ಡ ಇಟ್ಟಿಗೆ ಹಾಕಿ ಒಳಗಿನದನ್ನೂ ಹೊರಗಿನದನ್ನೂ ಹೆಣೆಯಲೇಬೇಕು. ಇಂಗ್ಲಿಷ್ ಬಾಂಡ್, ಫ್ಲೆಮಿಶ್ ಬಾಂಡ್ ಅನ್ನೋ ಇಟ್ಟಿಗೆ ಜೋಡಿಸುವ ಕ್ರಮಗಳೆಲ್ಲ ಇದೇ ಅಗತ್ಯಕ್ಕೆ ಬಂದವು.

ಈಗ ಭಾರವೆಲ್ಲ ಕಾಂಕ್ರೀಟ್ ಇಲ್ಲವೇ ಸ್ಟೀಲಿನ ಮೇಲೆ. ಹೊರಗಿರೋದು ಅರ್ಧ ಇಟ್ಟಿಗೆಯಷ್ಟು ದಪ್ಪದ ಪದರ, ಅಥವಾ ಗೋಡೆಗೆ ಅಂಟಿಸುವ, ಬರೀ 2 ಸೆಂ.ಮೀ. ದಪ್ಪದ ಇಟ್ಟಿಗೆ ಬಿಲ್ಲೆಗಳು. ಆದರೂ ಎಷ್ಟೋ ವರ್ಷ ಹಳೇ ಅಭ್ಯಾಸದಂತೆ ಅರ್ಧರ್ಧ ಸರಿಸಿಯೇ ಕಟ್ಟಿದರು. ಈಗ ಆ ಹಟ ಬಿಟ್ಟಿದ್ದಾರೆ. ನೇರ ಸಂದು, ನಿಲ್ಲಿಸಿದ ಇಟ್ಟಿಗೆ, ಉದ್ದನೆಯ ತೆಳು ಇಟ್ಟಿಗೆ, ಇಟ್ಟಿಗೆಯದೇ ಬಣ್ಣದ ಗಾರೆ, ಎಲ್ಲ ಬಂದಿವೆ. ನೇರ ಸಂದಿನಲ್ಲಿ ಒಂದಕ್ಕೊಂದು ಹಿಡಿತ ಕಡಿಮೆ. ಹಾಗಾಗಿ ಗಾರೆಯಲ್ಲಿ ಕಟ್ಟುವಾಗ ವರಸೆಗಳ ನಡುವೆ ಸಣ್ಣ ಕಂಬಿ ಹಾಕಬೇಕು. ಬಿಲ್ಲೆ ಅಂಟಿಸುವಾಗ ಅದು ಬೇಡ.

ನೇರ ಸಂದಿನಲ್ಲಿ ಒಂದು ಲಾಭವೂ ಇದೆ. ಸುಟ್ಟ ಇಟ್ಟಿಗೆ ತೇವ ಹೀರಿ ವರ್ಷಗಟ್ಟಲೆ ತುಸು ತುಸು ಹಿಗ್ಗುತ್ತದೆ. ಅದಕ್ಕೇ ಸಾಮಾನ್ಯವಾಗಿ 10–12 ಮೀಟರಿಗೊಂದು ಕಡೆ ಮೇಲಿಂದ ಕೆಳಗೆ ಸಂದು ಬಿಟ್ಟು ಸೀಲಂಟ್ (ರಬ್ಬರಿನಂತೆ ಬಗ್ಗುವ ಅಂಟು) ತುಂಬುತ್ತೇವೆ. ಸರಿಸಿ ಕಟ್ಟಿದ ಗೋಡೆಯಲ್ಲಿ ಈ ಗೆರೆ ಒಂದು ವರಸೆ ಬಿಟ್ಟು ಒಂದು ವರಸೆಯ ಇಟ್ಟಿಗೆಯನ್ನು ಕತ್ತರಿಸುತ್ತದೆ, ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ನೇರ ಸಂದಿನ ಗೋಡೆಯಲ್ಲಿ ಅದೂ ಒಂದು ಸಂದಾಗಿ ಬೆರೆತುಹೋಗುತ್ತದೆ.

ನನಗೆ ಬೇಜಾರಾಗೋದು ಮೂಲೆ ಕೆಲಸ ನೋಡಿದಾಗ. ಎರಡು ಬಿಲ್ಲೆ ಸುಮ್ನೆ ತಂದು ಕೂಡಿಸಿದರೆ 2 ಸೆಂ.ಮೀ. ಅಂಚು ಬಿಸ್ಕತ್ತಿನ ಹಾಗೆ ಕಾಣುತ್ತದೆ. ಮೂಲೆಗೆಂದೇ ಮಡಚಿದ ಆಕಾರದ ಬಿಲ್ಲೆ ಸಿಗುತ್ತದೆ, ಅದನ್ನೇ ಹಾಕಬೇಕು. ಕಿಟಕಿಯೂ ಅಷ್ಟೇ. ಗಾಜು ಗೋಡೆಯ ಮಟ್ಟಕ್ಕೇ ಬಂದರೆ ಇಟ್ಟಿಗೆ ಕಾಗದ ಅಂಟಿಸಿದಂತಿರುತ್ತದೆ. 2010ರ ನಂತರ ಲಂಡನ್ನಿನ ಎಷ್ಟೋ ಹೊಸ ವಸತಿ ಕಟ್ಟಡಗಳಲ್ಲಿ ಕಿಟಕಿಯನ್ನು ಚೆನ್ನಾಗಿ ಒಳಕ್ಕೆ ಕೂರಿಸಿದ್ದಾರೆ, ಪಕ್ಕದಲ್ಲಿ ಇಟ್ಟಿಗೆ ಒಳಗೆ ತಿರುಗುತ್ತದೆ, ನೆರಳು ಬೀಳುತ್ತದೆ. ನೀವು ಮುಂದಿನ ಸಲ ಕಟ್ಟಡ ನೋಡುವಾಗ ಸಂದು ಬಿಡಿ, ಮೊದಲು ಕಿಟಕಿಯ ಪಕ್ಕದ ಆ ಒಂದು ಗೇಣು ನೋಡಿ.