ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗುವುದು ಕಷ್ಟವೇ? ಕಾರನ್ನೂ ಫೋನಿನ ಹಾಗೆ ಕಂಪನಿಯಿಂದಲೇ ನೇರವಾಗಿ ಕೊಳ್ಳುವಂತಾದರೆ ಒಳ್ಳೆಯದಲ್ವಾ?

ಎರಡೂ ಕೆಲಸವನ್ನು ಒಂದೇ ವರ್ಷದಲ್ಲಿ ಮಾಡಿದ್ದೇನೆ. ಒಂಬತ್ತು ವರ್ಷ ಆಂಡ್ರಾಯ್ಡ್ ಬಳಸಿ ಐಫೋನ್‌ಗೆ ಬಂದೆ. ಅದಾಗಿ ಎರಡು ತಿಂಗಳಿಗೆ ಮನೆಗೆ ಹೊಸ ಕಾರು ಬಂತು. ಹಾಗಾಗಿ ನಿಮ್ಮ ಎರಡೂ ಪ್ರಶ್ನೆಗೆ ಅನುಭವದಿಂದಲೇ ಉತ್ತರ ಹೇಳುತ್ತೇನೆ.

ಮೊದಲು ಫೋನ್. ಹಳೆಯ ಫೋನಿನಲ್ಲಿ ಆಪಲ್‌ನವರ ‘ಮೂವ್ ಟು ಐಓಎಸ್’ ಆ್ಯಪ್ ಹಾಕಿಕೊಳ್ಳಿ. ಕಾಂಟ್ಯಾಕ್ಟ್, ಫೋಟೊ, ಮೆಸೇಜ್ ಎಲ್ಲ ಅದರಿಂದಲೇ ಬರುತ್ತವೆ. 2022ರಿಂದ ವಾಟ್ಸಾಪ್ ಚಾಟ್ ಕೂಡ ಬರುತ್ತಿದೆ. ಆದರೆ ಚಾಟ್ ತರಬೇಕೆಂದರೆ ಹೊಸ ಫೋನನ್ನು ಸೆಟಪ್ ಮಾಡುವಾಗಲೇ ಆ ಕೆಲಸ ಮುಗಿಸಿಬಿಡಿ. ನನಗೆ ಇದು ಗೊತ್ತಿರಲಿಲ್ಲ. ಸೆಟಪ್ ಮುಗಿಸಿ, ಬ್ಯಾಂಕ್ ಆ್ಯಪ್‌ಗಳನ್ನೂ ಹಾಕಿಕೊಂಡ ಮೇಲೆ ಚಾಟ್ ನೆನಪಾಯಿತು. ಅದರಲ್ಲಿ ಅಪ್ಪ ಕಳಿಸಿದ್ದ ವಾಯ್ಸ್ ಮೆಸೇಜ್‌ಗಳಿದ್ದವು. ತೋಟದಲ್ಲಿ ನಿಂತು ‘ಊಟ ಆಯ್ತೇನೋ’ ಎಂದು ಕೇಳಿದ ಹನ್ನೆರಡು ಸೆಕೆಂಡಿನ ದನಿ. ಅಪ್ಪ ಈಗಿಲ್ಲ. ಹೊಸ ಫೋನನ್ನು ಪೂರ್ತಿ ಅಳಿಸಿ ಮತ್ತೆ ಮೊದಲಿಂದ ಶುರು ಮಾಡಿದೆ. ಎಲ್ಲಾ ಬಂತು. ದುಡ್ಡು ಕೊಟ್ಟು ಕೊಂಡಿದ್ದ ಎರಡು ಆ್ಯಪ್ ಮಾತ್ರ ಬರಲಿಲ್ಲ, ಅವನ್ನು ಮತ್ತೆ ಕೊಳ್ಳಬೇಕು. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ, ಸಾಕು. ಹೆದರುವಂಥದ್ದೇನೂ ಇಲ್ಲ.

ಕಾರಿನ ಕತೆ ಹಾಗಲ್ಲ.

ಐಫೋನ್ ಕೊಳ್ಳುವಾಗ ಬೆಲೆ ಎಷ್ಟು ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಕಾರಿನ ನಿಜವಾದ ಬೆಲೆ ತಿಳಿಯಲು ಮೂರು ವಾರ ಬೇಕಾಯಿತು. ಒಂದೇ ಮಾಡೆಲ್, ಒಂದೇ ವೇರಿಯಂಟ್, ಒಂದೇ ಬಣ್ಣ. ಮೈಸೂರಿನ ಎರಡು ಶೋರೂಮ್, ಬೆಂಗಳೂರಿನ ಒಂದು ಶೋರೂಮ್ ಕೊಟ್ಟ ಆನ್‌ರೋಡ್ ಬೆಲೆ (ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿದ್ದು) ಮೂರು ಥರ. ಮೊದಲನೆಯ ಕೊಟೇಶನ್ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಎಕ್ಸ್‌ಶೋರೂಮ್ ಬೆಲೆ (ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರುವ ಮೊದಲಿನದು), ರೋಡ್ ಟ್ಯಾಕ್ಸ್ ಸರಿಯಾಗಿವೆ. ಅದರ ಕೆಳಗೆ ‘ಹ್ಯಾಂಡ್ಲಿಂಗ್ ಚಾರ್ಜ್’ 8,500. ಅದರ ಕೆಳಗೆ ‘ಎಸೆನ್ಷಿಯಲ್ ಕಿಟ್’ 12,000. ಮ್ಯಾಟ್, ಮಡ್‌ಫ್ಲ್ಯಾಪ್, ಒಂದು ಪರ್ಫ್ಯೂಮ್ ಡಬ್ಬಿ, ಅಷ್ಟೇ. ಇನ್ಶೂರೆನ್ಸ್ 41,000. ಅದೇ ಕವರೇಜ್ ಆನ್‌ಲೈನ್‌ನಲ್ಲಿ 29,000ಕ್ಕೆ ಸಿಗುತ್ತಿತ್ತು. ಹೊರಗಿನಿಂದ ಇನ್ಶೂರೆನ್ಸ್ ಮಾಡಿಸುತ್ತೇನೆ ಎಂದರೆ ‘ಹಾಗಾದ್ರೆ ಡಿಸ್ಕೌಂಟ್ ಬರಲ್ಲ ಸಾರ್’ ಎಂದರು. ಯಾವ ಕಂಪನಿಯ ಇನ್ಶೂರೆನ್ಸ್ ಬೇಕು ಎಂದು ಆರಿಸುವ ಹಕ್ಕು ಕೊಳ್ಳುವವರದ್ದು. ಅದನ್ನು ಹೇಳಿ ಕೂತ ಮೇಲೆ ದಾರಿಗೆ ಬಂದರು. ಹ್ಯಾಂಡ್ಲಿಂಗ್ ಚಾರ್ಜ್ ಕೂಡ ಹೋಯಿತು.

ನನ್ನನ್ನು ಕಾಡಿದ್ದು ಆಮೇಲಿನ ಸಂಗತಿ. ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಅದೇ ವಾರ ಅದೇ ಕಾರು ಕೊಂಡರು. ಅವರಿಗೆ ಚೌಕಾಸಿ ಮಾಡಿ ಅಭ್ಯಾಸವಿಲ್ಲ, ಹೇಳಿದಷ್ಟು ಕೊಟ್ಟುಬಿಟ್ಟರು. ನನಗಿಂತ 18,000 ಜಾಸ್ತಿ. ಜೋರಾಗಿ ಮಾತಾಡುವವರಿಗೆ ಒಂದು ಬೆಲೆ, ಸುಮ್ನೆ ಇರುವವರಿಗೆ ಇನ್ನೊಂದು. ಇದು ಅನ್ಯಾಯ.

ಹಾಗಾದರೆ ಕಂಪನಿಯೇ ನೇರವಾಗಿ ಮಾರಲಿ ಎನ್ನುವುದು ಸಹಜ. ಅಮೆರಿಕದ ಕಾರು ಕಂಪನಿ ಟೆಸ್ಲಾ ಮಾಡಿದ್ದು ಅದನ್ನೇ. ಆಪಲ್ ಅಂಗಡಿಗಳನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರಾದ ಜಾರ್ಜ್ ಬ್ಲಾಂಕೆನ್‌ಶಿಪ್ ಅವರನ್ನು 2010ರಲ್ಲಿ ಕರೆದುಕೊಂಡು ಬಂದು, ಮಾಲ್‌ಗಳಲ್ಲಿ ಕಾರಿನ ಅಂಗಡಿ ತೆರೆಯಿತು. ನಿಮ್ಮ ಪ್ರಶ್ನೆಯಲ್ಲಿರುವ ಫೋನು, ಕಾರಿನ ನಂಟು ಅಲ್ಲೇ ಇದೆ ನೋಡಿ. ಆದರೆ ಅಮೆರಿಕದ ಹಲವು ರಾಜ್ಯಗಳಲ್ಲಿ ಕಾರು ಕಂಪನಿಗಳು ನೇರವಾಗಿ ಮಾರುವುದಕ್ಕೆ ಕಾನೂನಿನ ತಡೆ ಇದೆ. ಟೆಕ್ಸಾಸ್‌ನಲ್ಲಿ ಟೆಸ್ಲಾದವರು ಕಾರು ತೋರಿಸಬಹುದಿತ್ತು, ಅದರ ಬೆಲೆ ಹೇಳುವ ಹಾಗಿರಲಿಲ್ಲ!

ಈ ಕಾನೂನು ಶುದ್ಧ ತಲೆಹರಟೆ ಎಂದು ನಾನೂ ಅಂದುಕೊಂಡಿದ್ದೆ. ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಒಂದು ಕಾಲದಲ್ಲಿ ಅಲ್ಲಿನ ದೊಡ್ಡ ಕಂಪನಿಗಳು ಡೀಲರ್‌ಗಳ ತಲೆಗೆ ಬೇಡದ ಕಾರುಗಳನ್ನು ಕಟ್ಟುತ್ತಿದ್ದವು. ಒಲ್ಲೆ ಎಂದವರ ಡೀಲರ್‌ಶಿಪ್ಪೇ ಹೋಗುತ್ತಿತ್ತು. ಅವರನ್ನು ಕಾಪಾಡಲು ರಾಜ್ಯಗಳು ಕಾನೂನು ಮಾಡಿದವು, 1956ರಲ್ಲಿ ಕೇಂದ್ರದ ಕಾನೂನೂ ಬಂತು. ನಮ್ಮಲ್ಲಿ ಅಂಥ ಕಾನೂನಿಲ್ಲ. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿದಾಗ, ಸಾಲ ಮಾಡಿ ಶೋರೂಮ್ ಕಟ್ಟಿದ್ದ ಡೀಲರ್‌ಗಳು ನಡುನೀರಿನಲ್ಲಿ ಉಳಿದರು. ಅವರಿಗೆ ರಕ್ಷಣೆ ಬೇಕೆಂದು ಡೀಲರ್‌ಗಳ ಒಕ್ಕೂಟ ‘ಫಾಡಾ’ ಕೇಳುತ್ತಲೇ ಇದೆ.

ಅದಕ್ಕೇ ಡೀಲರ್‌ಗಳೇ ಬೇಡ ಎಂದು ನಾನು ಹೇಳಲಾರೆ. ಆನ್‌ಲೈನ್‌ನಲ್ಲಿ ಕಾರು ಕೊಳ್ಳಬಹುದು, ಆದರೆ ನಂಜನಗೂಡಿನ ರಸ್ತೆಯಲ್ಲಿ ರಾತ್ರಿ ಕ್ಲಚ್ ಕೈಕೊಟ್ಟರೆ ಹತ್ತಿರದಲ್ಲಿ ವರ್ಕ್‌ಶಾಪ್ ಬೇಕಲ್ವಾ? ನನಗೆ ಸರಿ ಅನಿಸುವುದು ಮರ್ಸಿಡಿಸ್ ಬೆಂಜ್ ಇಂಡಿಯಾ 2021ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಪದ್ಧತಿ. ಸ್ಟಾಕ್ ಕಂಪನಿಯದು, ಬಿಲ್ ಕಂಪನಿಯದು, ಎಕ್ಸ್‌ಶೋರೂಮ್ ಬೆಲೆ ದೇಶಕ್ಕೆಲ್ಲ ಒಂದೇ. ಡೀಲರ್ ಕಾರು ತೋರಿಸುತ್ತಾರೆ, ಡೆಲಿವರಿ ಕೊಡುತ್ತಾರೆ, ಸರ್ವೀಸ್ ಮಾಡುತ್ತಾರೆ, ಕಮಿಷನ್ ಪಡೆಯುತ್ತಾರೆ. ಮಾರಾಟವಾಗದ ಕಾರಿನ ಬಡ್ಡಿ ಕಟ್ಟುವ ಚಿಂತೆ ಅವರಿಗಿಲ್ಲ. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಮ್ಯಾಟು, ಪರ್ಫ್ಯೂಮು ತುರುಕುವ ಒತ್ತಡವೂ ಕಡಿಮೆಯಾಗುತ್ತದೆ. ಅದು ದುಬಾರಿ ಕಾರಿಗೆ ಮಾತ್ರ ಏಕೆ? ಹತ್ತು ಲಕ್ಷದ ಕಾರು ಕೊಳ್ಳುವವರಿಗೆ ಇದು ಇನ್ನೂ ಜಾಸ್ತಿ ಬೇಕು. ಅವರು ಅದಕ್ಕಾಗಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟಿರುತ್ತಾರೆ.

ಅಲ್ಲಿಯವರೆಗೆ ಕೊಟೇಶನ್ ಅನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಒಂದೊಂದು ಸಾಲನ್ನೂ ಬಿಡಿಸಿ ಬರೆಸಿಕೊಳ್ಳಿ. ಕನಿಷ್ಠ ಎರಡು ಶೋರೂಮ್ ಹತ್ತಿ ಇಳಿಯಿರಿ. ಬುಕಿಂಗ್ ದುಡ್ಡು ಕಟ್ಟುವ ಮೊದಲು ಹಾಳೆಯ ಫೋಟೊ ಇಲ್ಲಿ ಹಾಕಿದರೆ, ಯಾವ ಸಾಲನ್ನು ತೆಗೆಸಬಹುದು ಎಂದು ನೋಡಿ ಹೇಳುತ್ತೇನೆ.